ಟಿಕೆಟ್ ಮಾಡುವ ಮೊದಲು: ಇಂಗ್ಲೆಂಡಿನ ಹೈಸ್ಕೂಲಿನಲ್ಲಿ ಬೇಸಿಗೆ ಟರ್ಮ್ ಹೇಗೆ ಮುಗಿಯುತ್ತದೆ

ಪ್ರತಿ ವರ್ಷ ಜುಲೈ ಕೊನೆಗೆ ನಾವು ಉಡುಪಿಗೆ ಬರುತ್ತೇವೆ. ಅಂಬಲಪಾಡಿಯ ಅಮ್ಮನ ಮನೆಯ ಪಕ್ಕದವರು ಪ್ರತಿ ವರ್ಷ ಅದೇ ಪ್ರಶ್ನೆ ಕೇಳುತ್ತಾರೆ. "ಎಂತ ಮಾರಾಯ್ರೆ, ಮಕ್ಕಳಿಗೆ ಈಗ ರಜೆಯಾ?" ಅವರು ಕೇಳುವುದರಲ್ಲಿ ತಪ್ಪೇನಿಲ್ಲ. ಇಲ್ಲಿ ಶಾಲೆ ಶುರುವಾಗಿ ಎರಡು ತಿಂಗಳಾಗಿದೆ. ಆಟಿ ತಿಂಗಳು, ಬಿಡದೆ ಸುರಿಯುವ ಮಳೆ. ನಾಳೆ ಡಿಸಿ ರಜೆ ಕೊಡುತ್ತಾರಾ ಇಲ್ಲವಾ ಅಂತ ಊರಿನ ಮಕ್ಕಳೆಲ್ಲ ರಾತ್ರಿ ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ನಮ್ಮ ಮನೆಯ ಇಬ್ಬರು ಮಾತ್ರ ‘ಬೇಸಿಗೆ ರಜೆ’ ಅಂತ ಹೇಳಿಕೊಂಡು, ಕೊಡೆ ಹಿಡಿದು, ಅಜ್ಜಿಯ ಪತ್ರೊಡೆಗೆ ಕೆಸುವಿನ ಎಲೆ ಕೊಯ್ಯಲು ತೋಟಕ್ಕೆ ಹೋಗುತ್ತಾರೆ.

ಈ ಸಲ ಮಂಗಳೂರಿನ ಬಿಜೈಯಿಂದ ಸಂಬಂಧದಲ್ಲಿ ತಂಗಿಯಾಗಬೇಕಾದವಳೊಬ್ಬಳು ಬಂದಿದ್ದಳು. ನರ್ಸ್. ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ. ಗಂಡ, ಎಂಟನೇ ಕ್ಲಾಸಿನ ಮಗ, ಮೂವರೂ ಹೊರಟಿದ್ದಾರೆ. ಕೇಳಬೇಕಾದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡೇ ಬಂದಿದ್ದಳು. ಒಂದೇ ಒಂದು ಪ್ರಶ್ನೆ ನನ್ನನ್ನು ತಡೆದು ನಿಲ್ಲಿಸಿತು. "ಅಕ್ಕ, ಅಲ್ಲಿ ಜುಲೈಯಲ್ಲಿ ಕೊನೆಯ ಎರಡು ವಾರ ಪಾಠವೇ ಇಲ್ಲವಂತೆ ಅಲ್ವಾ? ಒಂದು ವಾರ ಮೊದಲೇ ಊರಿಗೆ ಹೊರಟರೆ ಟಿಕೆಟ್ ಅರ್ಧಕ್ಕರ್ಧ ಕಡಿಮೆಯಂತೆ?"

ಪಾಠ ಕಡಿಮೆ ಅನ್ನುವುದು ನಿಜ. ಟಿಕೆಟ್ ಅಗ್ಗ ಅನ್ನುವುದೂ ನಿಜ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದ ನಾನು ಮಾತ್ರ ಒಮ್ಮೆ ಸರಿಯಾಗಿ ಪೆಟ್ಟು ತಿಂದಿದ್ದೇನೆ. ಅವಳಿಗೆ ಅವತ್ತು ಚಾ ಕುಡಿಯುತ್ತಾ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ವರ್ಷ ಮುಗಿಯುವುದು ಯಾವಾಗ

ನಮ್ಮಲ್ಲಿ ಶಾಲೆಯ ವರ್ಷ ಮಳೆಯ ಜೊತೆ ಶುರುವಾಗುತ್ತದೆ. ಅಲ್ಲಿ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಜುಲೈಯಲ್ಲಿ ಮುಗಿಯುತ್ತದೆ. ಮೂರು ಟರ್ಮ್. ಕ್ರಿಸ್‌ಮಸ್ ತನಕ ಆಟಮ್ ಟರ್ಮ್, ಜನವರಿಯಿಂದ ಈಸ್ಟರ್ ತನಕ ಸ್ಪ್ರಿಂಗ್, ಈಸ್ಟರ್ ರಜೆಯ ನಂತರ ಜುಲೈ ಕೊನೆಯ ತನಕ ಸಮ್ಮರ್. ಪ್ರತಿ ಟರ್ಮ್ ಅರ್ಧ ಆದಾಗ ಹಾಫ್ ಟರ್ಮ್ ರಜೆ. ಬೇಸಿಗೆಯ ಹಾಫ್ ಟರ್ಮ್ ಮೇ ಕೊನೆಯಲ್ಲಿ, ಒಂದು ವಾರ. ಜುಲೈ 20ರ ಆಸುಪಾಸಿನಲ್ಲಿ ಶಾಲೆ ಮುಚ್ಚಿ ಸುಮಾರು ಆರು ವಾರ ರಜೆ. ಮಕ್ಕಳಿಗೆ ಸಾಮಾನ್ಯವಾಗಿ ವರ್ಷಕ್ಕೆ 190 ದಿನ ಶಾಲೆ, ಶಿಕ್ಷಕರಿಗೆ 195. ಆ ಹೆಚ್ಚಿನ ಐದು ದಿನಕ್ಕೆ ಇನ್‌ಸೆಟ್ ಡೇ ಅನ್ನುತ್ತಾರೆ. ಅವತ್ತು ಮಕ್ಕಳಿಗೆ ರಜೆ, ಟೀಚರ್‌ಗಳಿಗೆ ತರಬೇತಿ. ಈ ಐದು ದಿನಗಳನ್ನು ಎಲ್ಲಿ ಇಟ್ಟುಕೊಳ್ಳಬೇಕು ಅಂತ ಶಾಲೆಯೇ ತೀರ್ಮಾನಿಸುತ್ತದೆ. ಹಾಗಾಗಿ ಪಕ್ಕದ ಮನೆಯವರ ಮಗನ ಶಾಲೆಗೂ ನಿಮ್ಮ ಮಗನ ಶಾಲೆಗೂ ಎರಡು ದಿನ ವ್ಯತ್ಯಾಸ ಇರಬಹುದು. ಟಿಕೆಟ್ ಮಾಡುವಾಗ ಸ್ನೇಹಿತರ ಮಾತು ಕೇಳಬೇಡಿ, ನಿಮ್ಮ ಶಾಲೆಯ ವೆಬ್‌ಸೈಟಿನ ಟರ್ಮ್ ಡೇಟ್ಸ್ ನೋಡಿ.

ಇಷ್ಟೂ ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡ್‌ನಲ್ಲಿ ಜೂನ್ ಕೊನೆಗೇ ಶಾಲೆ ಮುಚ್ಚಿ ಆಗಸ್ಟ್ ಮಧ್ಯಕ್ಕೆ ತೆರೆಯುತ್ತದೆ. ಉತ್ತರ ಐರ್ಲೆಂಡ್‌ನಲ್ಲಿ ಜುಲೈ, ಆಗಸ್ಟ್ ಎರಡೂ ತಿಂಗಳು ರಜೆ. ವೇಲ್ಸ್ ಹೆಚ್ಚುಕಡಿಮೆ ಇಂಗ್ಲೆಂಡಿನ ಹಾಗೆಯೇ, ಆದರೆ ಅನುಮತಿ ಇಲ್ಲದೆ ಶಾಲೆ ತಪ್ಪಿಸಿದ್ದಕ್ಕೆ ಅಪ್ಪ ಅಮ್ಮನಿಗೆ ಹಾಕುವ ದಂಡದ ಲೆಕ್ಕ ಬೇರೆ. ಫೀಸ್ ಕೊಟ್ಟು ಓದಿಸುವ ಖಾಸಗಿ ಶಾಲೆಗಳು ಜುಲೈ ಮೊದಲ ಭಾಗದಲ್ಲೇ ಮುಚ್ಚುತ್ತವೆ. ಅಂದ ಹಾಗೆ, ಅಲ್ಲಿ ‘ಪಬ್ಲಿಕ್ ಸ್ಕೂಲ್’ ಅಂದರೆ ಸರ್ಕಾರಿ ಶಾಲೆಯಲ್ಲ, ಭಾರೀ ಫೀಸಿನ ಹಳೆಯ ಖಾಸಗಿ ಶಾಲೆ. ನಮ್ಮವರಲ್ಲಿ ಬಹುಪಾಲು ಮಕ್ಕಳು ಹೋಗುವುದು ಸ್ಟೇಟ್ ಸ್ಕೂಲಿಗೆ. ಅಲ್ಲಿ ಫೀಸ್ ಇಲ್ಲ. "ಡೊನೇಶನ್?" ಅಂತ ತಂಗಿ ಕೇಳಿದಳು. ಅದೂ ಇಲ್ಲ. ಅವಳು ನೋಟ್‌ಬುಕ್‌ನಲ್ಲಿ ಆ ಸಾಲಿಗೆ ಎರಡು ಸಲ ಗೆರೆ ಎಳೆದಳು.

ಮಗ ಯಾವ ಕ್ಲಾಸಿಗೆ ಹೋಗುತ್ತಾನೆ ಅನ್ನುವುದು ಹುಟ್ಟಿದ ದಿನದ ಮೇಲೆ ನಿಂತಿದೆ. ಸೆಪ್ಟೆಂಬರ್ 1ರಿಂದ ಮುಂದಿನ ಆಗಸ್ಟ್ 31ರ ಒಳಗೆ ಹುಟ್ಟಿದವರೆಲ್ಲ ಒಂದೇ ಇಯರ್. ನಮ್ಮ ಕ್ಲಾಸಿಗೆ ಒಂದು ಕೂಡಿಸಿದರೆ ಹೆಚ್ಚುಕಡಿಮೆ ಅಲ್ಲಿನ ಇಯರ್ ಸಿಗುತ್ತದೆ. ಇಲ್ಲಿ ಎಂಟನೇ ಕ್ಲಾಸಿನ ಹುಡುಗ ಅಲ್ಲಿ ಇಯರ್ 9. ಸೆಕೆಂಡರಿ ಶಾಲೆ ಇಯರ್ 7ರಿಂದ 11ರ ತನಕ, ಆಮೇಲೆ ಎರಡು ವರ್ಷ ಸಿಕ್ಸ್ತ್ ಫಾರ್ಮ್. ಅದನ್ನು ನಮ್ಮ ಪಿಯುಸಿ ಅಂದುಕೊಳ್ಳಿ.

ನಮ್ಮ ಕಡೆಯವರಿಗೆ ನಂಬಲು ಕಷ್ಟವಾಗುವ ವಿಷಯ ಇನ್ನೊಂದಿದೆ. ಅಲ್ಲಿ ವರ್ಷದ ಕೊನೆಯಲ್ಲಿ ಪಾಸ್–ಫೇಲ್ ಇಲ್ಲ. ಎಲ್ಲರೂ ವಯಸ್ಸಿನ ಪ್ರಕಾರ ಮೇಲಿನ ಇಯರ್‌ಗೆ ಹೋಗುತ್ತಾರೆ. ರ್‍ಯಾಂಕ್ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು, 2025ರಲ್ಲಿ ಅದು ತಿರುಗಿ ದಕ್ಷಿಣ ಕನ್ನಡ ಮೊದಲು. ಇಂಥ ಲೆಕ್ಕ ಬಾಯಿಪಾಠ ಇರುವ ಜಿಲ್ಲೆಗಳಿಂದ ಹೋದವರು ನಾವು. ಫೇಲ್ ಇಲ್ಲ, ರ್‍ಯಾಂಕ್ ಇಲ್ಲ ಅಂದ ಕೂಡಲೇ ‘ಹಾಗಾದರೆ ಟರ್ಮ್ ಕೊನೆಯಲ್ಲಿ ಏನೂ ಇಲ್ಲ’ ಅಂತ ತಿಳಿದುಕೊಳ್ಳುತ್ತೇವೆ. ನಾನೂ ಹಾಗೆಯೇ ತಿಳಿದಿದ್ದೆ.

ದಂಡದ ಕಥೆ

ಮಗಳು ಇಯರ್ 10, ಮಗ ಇಯರ್ 7ರಲ್ಲಿದ್ದಾಗ ಜುಲೈಯಲ್ಲಿ ನಾಲ್ಕು ದಿನ ಮೊದಲೇ ಹೊರಟೆವು. ಕೊನೆಯ ವಾರ ಸ್ಪೋರ್ಟ್ಸ್ ಡೇ, ಸಿನಿಮಾ, ಪಿಜ್ಜಾ, ಅಷ್ಟೇ ತಾನೆ ಅಂತ. ಜ್ವರ ಅಂತ ಫೋನ್ ಮಾಡುವುದು ಗಂಡನ ಯೋಜನೆ. ಮಗಳು ಹಿಂದಿನ ವಾರವೇ ತನ್ನ ಟ್ಯೂಟರ್, ಅಂದರೆ ಕ್ಲಾಸ್ ಟೀಚರ್, ಹತ್ತಿರ "ನಾವು ಇಂಡಿಯಾಕ್ಕೆ ಹೋಗ್ತಿದ್ದೇವೆ" ಅಂತ ಖುಷಿಯಲ್ಲಿ ಹೇಳಿ ಆಗಿತ್ತು. ಶಾಲೆಯಿಂದ ಫೋನ್ ಬಂದಾಗ ನಾವು ಉಡುಪಿಯಲ್ಲಿ ಇದ್ದೆವು. ಬೇರೆ ದೇಶದಲ್ಲಿರುವ ಫೋನಿನ ರಿಂಗ್ ಸದ್ದೇ ಬೇರೆ ಇರುತ್ತದೆ. ಆಫೀಸಿನವರಿಗೆ ಅದು ಗೊತ್ತಾಗದೆ ಇರುತ್ತದಾ? ಅಲ್ಲಿಗೆ ಜ್ವರ ಬಿಟ್ಟಿತು.

ವಾಪಸ್ ಹೋಗುವಾಗ ಇನ್ನೊಂದು. ಉಡುಪಿಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ಲಂಡನ್. ಶಿರಾಡಿ ಘಾಟಿಯಲ್ಲಿ ಟ್ಯಾಂಕರ್ ಮಗುಚಿ ಬಸ್ ಗಂಟೆಗಟ್ಟಲೆ ನಿಂತಿತು. ಬೆಂಗಳೂರು ಮುಟ್ಟುವಾಗ ವಿಮಾನ ಹೋಗಿತ್ತು. ಸೆಪ್ಟೆಂಬರ್‌ನ ಮೊದಲ ಎರಡು ದಿನದ ಶಾಲೆಯೂ ಹೋಯಿತು. ಇದು ನಮ್ಮ ತಪ್ಪಲ್ಲ ಅಂತ ಎಷ್ಟು ಬರೆದರೂ ಕೇಳುವವರಿಲ್ಲ, ಜುಲೈಯಲ್ಲೇ ನಮ್ಮ ಮಾತಿನ ಬೆಲೆ ಹೋಗಿತ್ತಲ್ಲ. ಅಕ್ಟೋಬರ್‌ನಲ್ಲಿ ಕೌನ್ಸಿಲ್‌ನಿಂದ, ಅಂದರೆ ಅಲ್ಲಿನ ಸ್ಥಳೀಯ ಆಡಳಿತದಿಂದ, ನಾಲ್ಕು ಲಕೋಟೆ ಬಂತು. ಆಗಿನ ದಂಡ ತಲಾ 60 ಪೌಂಡ್. ಒಟ್ಟು 240. ಟಿಕೆಟಿನಲ್ಲಿ ಉಳಿಸಿದ್ದಕ್ಕಿಂತ ಕಡಿಮೆಯೇ, ನಿಜ ಹೇಳಬೇಕೆಂದರೆ. ಆದರೆ ಕಳೆದುಕೊಂಡದ್ದು ದುಡ್ಡು ಮಾತ್ರ ಅಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ನಾಲ್ಕು ಲಕೋಟೆ ಯಾಕೆಂದರೆ ದಂಡ ಮನೆಗೆ ಒಂದಲ್ಲ. ಒಬ್ಬೊಬ್ಬ ಮಗುವಿಗೆ, ಅಪ್ಪನಿಗೊಂದು ಅಮ್ಮನಿಗೊಂದು. 2024ರ ಆಗಸ್ಟ್‌ನಿಂದ ಇಂಗ್ಲೆಂಡಿನಾದ್ಯಂತ ಒಂದೇ ನಿಯಮ. 21 ದಿನದೊಳಗೆ ಕಟ್ಟಿದರೆ 80 ಪೌಂಡ್, 28 ದಿನದೊಳಗಾದರೆ 160. ಮೂರು ವರ್ಷದೊಳಗೆ ಅದೇ ಮಗುವಿನ ವಿಷಯದಲ್ಲಿ ಎರಡನೇ ಸಲ ಆದರೆ ನೇರ 160. ಮೂರನೇ ಸಲಕ್ಕೆ ದಂಡದ ಚೀಟಿಯೇ ಇಲ್ಲ, ಕೋರ್ಟಿಗೆ ಹೋಗಬಹುದು. ಅಲ್ಲಿ 2,500 ಪೌಂಡ್ ತನಕ ಹಾಕಬಹುದು. ಎರಡು ಮಕ್ಕಳ ಮನೆಗೆ ಮೊದಲ ಸಲವೇ 320, ತಡ ಮಾಡಿದರೆ 640.

ಲೆಕ್ಕ ಹಿಡಿಯುವುದು ಹೀಗೆ. ಹಾಜರಿ ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಒಂದೊಂದನ್ನೂ ಸೆಷನ್ ಅನ್ನುತ್ತಾರೆ. ಹತ್ತು ಶಾಲಾ ವಾರಗಳೊಳಗೆ ಅನುಮತಿ ಇಲ್ಲದೆ ಹತ್ತು ಸೆಷನ್, ಅಂದರೆ ಐದು ದಿನ, ತಪ್ಪಿದರೆ ದಂಡ ಹಾಕಬೇಕೋ ಬೇಡವೋ ಅಂತ ಶಾಲೆ ಯೋಚಿಸಲೇಬೇಕು. ಆ ಹತ್ತು ವಾರ ಟರ್ಮ್‌ನಿಂದ ಟರ್ಮ್‌ಗೆ, ವರ್ಷದಿಂದ ವರ್ಷಕ್ಕೆ ದಾಟುತ್ತದೆ. ರಜೆಯ ವಾರಗಳು ಲೆಕ್ಕಕ್ಕಿಲ್ಲ. ಹಾಗಾಗಿ ಜುಲೈಯ ಮೂರು ದಿನ, ಸೆಪ್ಟೆಂಬರ್‌ನ ಎರಡು ದಿನ ಸೇರಿ ಐದಾಗುತ್ತದೆ. ‘ಮೂರೇ ದಿನ ಅಲ್ವಾ’ ಅಂತ ಹೊರಟವರು ಸಿಕ್ಕಿಬೀಳುವುದು ಸೆಪ್ಟೆಂಬರ್‌ನಲ್ಲಿ.

ಅನುಮತಿ ಕೇಳಬಹುದಾ? ಕೇಳಬಹುದು, ಮೊದಲೇ, ಬರೆದು. ಕೊಡುವುದು ಬಿಡುವುದು ಹೆಡ್‌ಟೀಚರ್ ಕೈಯಲ್ಲಿ. ತೀರಾ ಅಪರೂಪದ ಕಾರಣ ಇದ್ದರೆ ಮಾತ್ರ ಕೊಡಬೇಕು ಅಂತ ನಿಯಮ. ಟಿಕೆಟ್ ಅಗ್ಗ ಅನ್ನುವುದು ಅಂಥ ಕಾರಣ ಅಲ್ಲ. ತಮ್ಮನ ಮದುವೆ, ಮಗನ ಉಪನಯನ ಅಂತ ಕೇಳಿ ಸಿಕ್ಕವರೂ ಇದ್ದಾರೆ, ಸಿಗದವರೂ ಇದ್ದಾರೆ. ಧಾರ್ಮಿಕ ಹಬ್ಬದ ದಿನಕ್ಕೆ ಮಾತ್ರ ಬೇರೆ ವ್ಯವಸ್ಥೆ ಉಂಟು, ದೀಪಾವಳಿಗೆ ಒಂದು ದಿನ ಕೇಳಿದರೆ ಸಾಮಾನ್ಯವಾಗಿ ತಕರಾರಿಲ್ಲ.

ಆಟದ ಹಾಗೆ ಕಾಣುವ ವಾರಗಳು

ಜೂನ್–ಜುಲೈಯಲ್ಲಿ ಅಲ್ಲಿನ ಶಾಲೆಗೆ ಹೋದರೆ ಮೊದಲು ಕಾಣುವುದು ಬ್ಲೇಜರ್ ತೋಳಿಗೆ ನೇತುಹಾಕಿಕೊಂಡ ಮಕ್ಕಳು. ಬಿಸಿಲು 28 ಡಿಗ್ರಿ ದಾಟಿದರೆ ಸಾಕು, ಎಸಿ ಫ್ಯಾನ್ ಏನೂ ಇಲ್ಲದ ಕ್ಲಾಸಿನಲ್ಲಿ ಬೇಯುತ್ತಾರೆ. ಆದರೂ ಎಷ್ಟೋ ಶಾಲೆಗಳಲ್ಲಿ ಬ್ಲೇಜರ್ ತೆಗೆಯಲು ಟೀಚರನ್ನು ಕೇಳಬೇಕು. "ಇವತ್ತು ಬ್ಲೇಜರ್ ಬೇಡ" ಅಂತ ಶಾಲೆಯಿಂದ ಮೆಸೇಜ್ ಬರುತ್ತದೆ ನೋಡಿ, ನನಗೆ ನಗು. ಮೇ ತಿಂಗಳ ಮಂಗಳೂರಿನ ಸೆಕೆ ಕಂಡವರು ನಾವು.

ಮೆಸೇಜ್ ಅಂದೆನಲ್ಲ. ಎಲ್ಲವೂ ಆ್ಯಪ್‌ನಲ್ಲಿ, ಇಮೇಲ್‌ನಲ್ಲಿ ಬರುತ್ತದೆ. ಡೈರಿಗೆ ಸಹಿ ಹಾಕಿಸುವ ಕಾಲ ಹೋಯಿತು. ಜುಲೈಯಲ್ಲಂತೂ ದಿನಕ್ಕೆ ಮೂರು ನಾಲ್ಕು ಬರುತ್ತವೆ. ಸ್ಪೋರ್ಟ್ಸ್ ಡೇಗೆ ನೀರಿನ ಬಾಟಲ್ ತನ್ನಿ, ನಾನ್-ಯೂನಿಫಾರ್ಮ್ ಡೇಗೆ ಒಂದು ಪೌಂಡ್ ತನ್ನಿ, ಲೈಬ್ರರಿ ಪುಸ್ತಕ ವಾಪಸ್ ಕೊಡಿ, ಲಾಕರ್ ಖಾಲಿ ಮಾಡಿ, ಆ್ಯಕ್ಟಿವಿಟೀಸ್ ವೀಕ್‌ನ ದುಡ್ಡು ಬಾಕಿ ಇದೆ. ಇಯರ್ 10ರವರಿಗೆ ಎಷ್ಟೋ ಕಡೆ ಇದೇ ಹೊತ್ತಿಗೆ ಒಂದೆರಡು ವಾರದ ವರ್ಕ್ ಎಕ್ಸ್‌ಪೀರಿಯನ್ಸ್ ಇರುತ್ತದೆ. ನಿಜವಾದ ಆಫೀಸಿಗೋ ಅಂಗಡಿಗೋ ಗ್ಯಾರೇಜಿಗೋ ಹೋಗಿ ಕೆಲಸ ನೋಡುವುದು. ಜಾಗ ಹುಡುಕುವ ಕೆಲಸ ಹೆಚ್ಚಾಗಿ ಮಕ್ಕಳದ್ದೇ, ಅಂದರೆ ನಮ್ಮದೇ. ಚಳಿಗಾಲದಲ್ಲೇ ಹುಡುಕಲು ಶುರು ಮಾಡಿ.

ಇಂಥ ಮೆಸೇಜ್‌ಗಳ ರಾಶಿಯ ನಡುವೆ ಒಂದು ದಿನ ಸುಮ್ನೆ ರಿಪೋರ್ಟ್ ಬಂದು ಕೂತಿರುತ್ತದೆ. ಅದನ್ನು ಕೂತು ಓದಿ.

ಈ ವರ್ಷ ಮಗನ ಇಯರ್ 9ರ ರಿಪೋರ್ಟ್ ಜುಲೈ ಎರಡನೇ ವಾರ ಬಂತು. ಗಣಿತದ ಸಾಲಿನಲ್ಲಿ ಟಾರ್ಗೆಟ್ 7, ವರ್ಕಿಂಗ್ ಅಟ್ 4. ಅಂದರೆ ಮುಟ್ಟಬೇಕಾದ ಗ್ರೇಡ್ 7, ಈಗ ಇರುವುದು 4. ಪಕ್ಕದಲ್ಲಿ ಆ್ಯಟಿಟ್ಯೂಡ್ ಟು ಲರ್ನಿಂಗ್, ‘ಗುಡ್’. ಕೆಳಗೆ ಟೀಚರ್ ಬರೆದ ಎರಡು ಸಾಲು. ತುಂಬಾ ಒಳ್ಳೆಯ ಹುಡುಗ, ಪಾಠದಲ್ಲಿ ಇನ್ನೂ ಸ್ವಲ್ಪ ಭಾಗವಹಿಸಿದರೆ ಅವನಿಗೆ ಪ್ರಯೋಜನವಾಗುತ್ತದೆ ಅಂತ. ಗಂಡ ಓದಿ "ಒಳ್ಳೆಯದೇ ಬರೆದಿದ್ದಾರಲ್ಲ" ಅಂದರು. ಇಲ್ಲಿಯೇ ಎಡವುವುದು. ಇಂಗ್ಲಿಷರ ಟೀಚರ್ ‘ಪ್ರಯೋಜನವಾಗುತ್ತದೆ’ ಅಂದರೆ ನಮ್ಮ ಹೈಸ್ಕೂಲಿನ ಗಣಿತದ ಮಾಷ್ಟ್ರು "ಇವನು ಹಿಂದಿನ ಬೆಂಚಲ್ಲಿ ಕೂತು ನಿದ್ದೆ ಮಾಡ್ತಾನೆ" ಅಂದ ಹಾಗೆ. ಬೈಗುಳವನ್ನೂ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಕೊನೆಯಲ್ಲಿ ಸಣ್ಣದಾಗಿ ಇನ್ನೊಂದು ಸಾಲು ಇತ್ತು. ಸೆಪ್ಟೆಂಬರ್‌ನಿಂದ ಗಣಿತ: ಸೆಟ್ 4.

ಈ ಸೆಟ್ ಅಂದರೆ ಏನು ಅಂತ ಹೇಳಬೇಕು. ಗಣಿತ, ಕೆಲವು ಕಡೆ ವಿಜ್ಞಾನ, ಇಂಗ್ಲಿಷ್ ಕೂಡ, ಮಕ್ಕಳ ಮಟ್ಟ ನೋಡಿ ಗುಂಪು ಮಾಡಿ ಕಲಿಸುತ್ತಾರೆ. ಸೆಟ್ 1 ಮೇಲಿನದು. ಇಯರ್ 11ರ ಕೊನೆಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಗೆ 9ರಿಂದ 1ರ ತನಕ ಗ್ರೇಡ್. 9 ಎಲ್ಲಕ್ಕಿಂತ ಮೇಲೆ, 4 ಬಂದರೆ ಪಾಸ್, 5 ಬಂದರೆ ಗಟ್ಟಿ ಪಾಸ್. ಗಣಿತಕ್ಕೆ ಎರಡು ಬಗೆಯ ಪ್ರಶ್ನೆಪತ್ರಿಕೆ ಉಂಟು. ಹೈಯರ್ ಬರೆದರೆ 9ರ ತನಕ ಸಿಗಬಹುದು. ಫೌಂಡೇಶನ್ ಬರೆದರೆ ಎಷ್ಟೇ ಚೆನ್ನಾಗಿ ಬರೆದರೂ 5ಕ್ಕಿಂತ ಮೇಲೆ ಸಿಗುವುದಿಲ್ಲ. ನೂರಕ್ಕೆ ನೂರು ತೆಗೆದರೂ 5. ಮುಂದೆ ಸಿಕ್ಸ್ತ್ ಫಾರ್ಮ್‌ನಲ್ಲಿ ಎ ಲೆವೆಲ್ ಗಣಿತ ತೆಗೆದುಕೊಳ್ಳಲು ಎಷ್ಟೋ ಶಾಲೆ 6 ಅಥವಾ 7 ಕೇಳುತ್ತದೆ. ಮಗ ಎಂಜಿನಿಯರ್ ಆಗಬೇಕು ಅಂತ ಮನೆಯಲ್ಲಿ ಎಷ್ಟೇ ಆಸೆ ಇದ್ದರೂ, ಕೆಳಗಿನ ಸೆಟ್‌ನಲ್ಲಿ ಎರಡು ವರ್ಷ ಕೂತು ಫೌಂಡೇಶನ್ ಪಾಠವನ್ನೇ ಕಲಿತವನು ಹೈಯರ್‌ಗೆ ಹಾರುವುದು ಸುಲಭವಲ್ಲ.

ಇದನ್ನು ಯಾರೂ ನಮ್ಮನ್ನು ಕರೆದು ಕೂರಿಸಿ ಹೇಳುವುದಿಲ್ಲ. ಅಲ್ಲಿ ಫೇಲ್ ಅನ್ನುವ ಶಬ್ದ ಇಲ್ಲ, ಇರುವುದು ಈ ಸಣ್ಣ ಸಾಲು.

ಅವತ್ತೇ ರಾತ್ರಿ ಗಣಿತದ ಮೇಡಂಗೆ ಇಮೇಲ್ ಬರೆದೆ. ಮೂರೇ ಪ್ರಶ್ನೆ. ಸೆಟ್ 4ರಲ್ಲಿ ಕಲಿಸುವುದು ಹೈಯರ್ ಪಾಠವಾ ಫೌಂಡೇಶನ್ನಾ? ಮತ್ತೆ ಸೆಟ್ ಬದಲಿಸುವುದು ಯಾವಾಗ? ರಜೆಯಲ್ಲಿ ಅವನು ಯಾವ ಪಾಠ ಸರಿ ಮಾಡಿಕೊಳ್ಳಬೇಕು? ಎರಡು ದಿನದಲ್ಲಿ ಉತ್ತರ ಬಂತು. ಸೆಟ್ 4ರಲ್ಲಿ ಈಗ ಎರಡಕ್ಕೂ ಬೇಕಾದ ಪಾಠ ನಡೆಯುತ್ತದೆ, ಕ್ರಿಸ್‌ಮಸ್ ಹೊತ್ತಿಗೆ ಮತ್ತೆ ನೋಡುತ್ತಾರೆ, ಬೀಜಗಣಿತ ಮತ್ತು ರೇಶಿಯೋ ಗಟ್ಟಿ ಮಾಡಿಸಿ. ಜೊತೆಗೆ ಆನ್‌ಲೈನ್ ಅಭ್ಯಾಸದ ಲಿಂಕ್. ಈಗ ಅಂಬಲಪಾಡಿಯ ಜಗಲಿಯಲ್ಲಿ, ಮಳೆಯ ಸದ್ದಿನಲ್ಲಿ, ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ರೇಶಿಯೋ ನಡೆಯುತ್ತಿದೆ. ಅಜ್ಜಿ ಹಲಸಿನ ಹಪ್ಪಳ ಹುರಿದು ತರುವ ತನಕ.

ಮಗಳ ವಿಷಯದಲ್ಲಿ ನಾವು ಕಳೆದುಕೊಂಡದ್ದು ಇದನ್ನೇ. ನಾಲ್ಕು ದಿನ ಮೊದಲೇ ಹೊರಟೆವಲ್ಲ, ಆ ನಾಲ್ಕು ದಿನದಲ್ಲಿ ಅವಳ ಇಯರ್ 10ರ ಪರೀಕ್ಷೆಯ ಉತ್ತರಪತ್ರಿಕೆ ಕೊಟ್ಟು ಎಲ್ಲಿ ತಪ್ಪಾಯಿತು ಅಂತ ಬಿಡಿಸಿ ಹೇಳಿದರಂತೆ. ವಿಜ್ಞಾನದಲ್ಲಿ ಯಾರು ಯಾವ ಗುಂಪಿಗೆ ಅಂತ ಮಾತಾಡಿದ್ದೂ ಆಗಲೇ. ನಾವು ಇಮೇಲ್ ನೋಡಿದ್ದು ಉಡುಪಿಗೆ ಬಂದು ವಾರದ ಮೇಲೆ. ಉತ್ತರ ಬರೆದರೆ ತಿರುಗಿ ಬಂದದ್ದು ಆಟೋಮ್ಯಾಟಿಕ್ ಮೆಸೇಜ್, ಶಾಲೆ ಸೆಪ್ಟೆಂಬರ್‌ನಲ್ಲಿ ತೆರೆಯುತ್ತದೆ ಅಂತ. ಅಲ್ಲಿನ ಟೀಚರ್‌ಗಳಿಗೆ ರಜೆ ಅಂದರೆ ರಜೆಯೇ. ಆಗಸ್ಟ್‌ನಲ್ಲಿ ರಿಸಲ್ಟ್ ದಿನ ಬಿಟ್ಟರೆ ಆಫೀಸಿನಲ್ಲಿ ಯಾರೂ ಸಿಗುವುದಿಲ್ಲ. ಏನು ಕೇಳುವುದಿದ್ದರೂ ಜುಲೈ ಎರಡನೇ ವಾರದೊಳಗೆ ಕೇಳಿ ಮುಗಿಸಿ. ಪಾಠದ ವಿಷಯ ಆ ವಿಷಯದ ಟೀಚರ್‌ಗೆ, ಉಳಿದದ್ದು ಫಾರ್ಮ್ ಟ್ಯೂಟರ್‌ಗೆ, ಅಲ್ಲೂ ಬಗೆಹರಿಯದಿದ್ದರೆ ಹೆಡ್ ಆಫ್ ಇಯರ್‌ಗೆ. ನೇರ ಹೆಡ್‌ಟೀಚರ್ ರೂಮಿಗೆ ನುಗ್ಗುವ ನಮ್ಮ ಕ್ರಮ ಅಲ್ಲಿ ನಡೆಯುವುದಿಲ್ಲ.

ಇಯರ್ 6 ಮತ್ತು ಇಯರ್ 11

ಮಗು ಪ್ರೈಮರಿ ಮುಗಿಸಿ ಸೆಕೆಂಡರಿಗೆ ಹೋಗುವ ವರ್ಷವಾದರೆ ಜುಲೈ ಮೊದಲ ಭಾಗವನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ಹೊಸ ಶಾಲೆಯಲ್ಲಿ ಒಂದೆರಡು ದಿನ ಕೂತು ನೋಡುವ ಇಂಡಕ್ಷನ್ ದಿನಗಳು ಆಗಲೇ. ಸೀಟಿನ ಅರ್ಜಿ ಹಿಂದಿನ ಅಕ್ಟೋಬರ್ 31ರೊಳಗೆ ಕೌನ್ಸಿಲ್‌ಗೆ ಹಾಕಿ, ಮಾರ್ಚ್ 1ರ ಹೊತ್ತಿಗೆ ಯಾವ ಶಾಲೆ ಅಂತ ತಿಳಿದಿರುತ್ತದೆ. ನನ್ನ ತಂಗಿಯ ಹಾಗೆ ನಡುವೆ ಬರುವವರಿಗೆ ಇನ್-ಇಯರ್ ಅರ್ಜಿ ಅಂತ ಬೇರೆ ಇದೆ. ಆಗಸ್ಟ್‌ನಲ್ಲಿ ಬಂದಿಳಿದರೆ ಕೌನ್ಸಿಲ್ ತೆರೆದಿರುತ್ತದೆ, ಶಾಲೆ ಮುಚ್ಚಿರುತ್ತದೆ. ಅರ್ಜಿ ಹಾಕಿ ಕಾಯಬೇಕು. ಸೆಪ್ಟೆಂಬರ್ ಮೊದಲ ವಾರವೇ ಸೀಟು ಸಿಗದಿದ್ದರೆ ಗಾಬರಿ ಬೇಡ.

ಇಯರ್ 11ರ ಕಥೆಯೇ ಬೇರೆ. ಅವರ ಪರೀಕ್ಷೆ ಮೇ ಮೊದಲ ಭಾಗದಲ್ಲಿ ಶುರುವಾಗಿ ಜೂನ್ ಮೂರನೇ ವಾರದ ತನಕ ಎಳೆಯುತ್ತದೆ. ಕೊನೆಯ ಪೇಪರ್ ಮುಗಿದ ದಿನವೇ ಹಾರಬೇಡಿ. ಏನಾದರೂ ಎಡವಟ್ಟಾಗಿ ಪರೀಕ್ಷೆ ಮುಂದೆ ಹೋದರೆ ಬೇಕು ಅಂತ ಜೂನ್ ಕೊನೆಗೆ ಒಂದು ದಿನ ಕಾದಿಟ್ಟಿರುತ್ತಾರೆ. 2025ರಲ್ಲಿ ಅದು ಜೂನ್ 25. ಅದರ ತನಕ ಮಕ್ಕಳು ಸಿಗಬೇಕು. ಶರ್ಟಿನ ಮೇಲೆ ಒಬ್ಬರಿಗೊಬ್ಬರು ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದುಕೊಂಡು ಮನೆಗೆ ಬರುತ್ತಾರೆ. ಒಗೆಯಲು ಹಾಕಬೇಡಿ, ಅದು ಅವರ ನೆನಪು. ಗೊತ್ತಿಲ್ಲದೆ ನಾನು ಕಲೆ ತೆಗೆಯುವ ವ್ಯಾನಿಶ್ ಹಾಕಿ ನೆನೆಸಿ, ಮಗಳು ಎರಡು ದಿನ ಮಾತು ಬಿಟ್ಟಿದ್ದಳು.

ಆಮೇಲೆ ಪ್ರಾಮ್. ರಾತ್ರಿ ಊಟ, ಡ್ಯಾನ್ಸ್, ಫೋಟೋ. ಟಿಕೆಟ್, ಡ್ರೆಸ್, ಕೂದಲು, ಕಾರು, ಹೀಗೆ ಖರ್ಚು ಬೆಳೆಯುತ್ತಾ ಹೋಗುತ್ತದೆ. ಮಗಳು ಗೌನ್ ಬೇಡ ಅಂತ ನನ್ನ ಧಾರೆ ಸೀರೆ ಉಟ್ಟು ಹೋದಳು. ಫೋಟೋ ನೋಡಿದ ಅಮ್ಮ ಫೋನಿನಲ್ಲಿ "ಯಾರ ಮದುವೆ?" ಅಂತ ಕೇಳಿದರು.

ರಿಸಲ್ಟ್ ಆಗಸ್ಟ್‌ನಲ್ಲಿ ಒಂದು ಗುರುವಾರ. 2024ರಲ್ಲಿ ಆಗಸ್ಟ್ 22, 2025ರಲ್ಲಿ ಆಗಸ್ಟ್ 21. ಎ ಲೆವೆಲ್ ರಿಸಲ್ಟ್ ಅದಕ್ಕಿಂತ ಒಂದು ವಾರ ಮೊದಲು. ಅಲ್ಲಿ ಬೆಳಿಗ್ಗೆ ಎಂಟು ಗಂಟೆ ಅಂದರೆ ಇಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಇಮೇಲ್‌ನಲ್ಲಿ ಕಳಿಸುವ ಶಾಲೆಗಳಿವೆ. ಬೇರೆಯವರು ಹೋಗಿ ತೆಗೆದುಕೊಳ್ಳಬೇಕಾದರೆ ಮಗುವೇ ಬರೆದುಕೊಟ್ಟ ಪತ್ರ ಮೊದಲೇ ಬೇಕು. ಆದರೂ ನನ್ನ ಮಾತು ಕೇಳುವುದಾದರೆ ಆ ದಿನಕ್ಕೆ ವಾಪಸ್ ಹೋಗಿಬಿಡಿ. ಸಿಕ್ಸ್ತ್ ಫಾರ್ಮ್‌ಗೆ ಹೆಸರು ಹಚ್ಚುವುದು ಅವತ್ತೋ ಮರುದಿನವೋ. ಒಂದು ಗ್ರೇಡ್ ಕಡಿಮೆಯಾಗಿ ವಿಷಯ ಬದಲಿಸಬೇಕಾದರೆ ಎದುರು ನಿಂತು ಮಾತಾಡಿದವರಿಗೆ ಸೀಟು, ಉಡುಪಿಯಿಂದ ವಾಟ್ಸಾಪ್ ಕಾಲ್ ಮಾಡಿದವರಿಗಲ್ಲ. ಇಂಗ್ಲಿಷ್, ಗಣಿತದಲ್ಲಿ 4 ಬರದಿದ್ದರೆ ಮುಂದೆ ಏನೇ ಓದಿದರೂ ಜೊತೆಗೆ ಅದನ್ನೂ ಓದುತ್ತಿರಬೇಕು. ಹದಿನಾರಕ್ಕೆ ಶಾಲೆ ಬಿಡಬಹುದು ಅನ್ನುವುದು ಅರ್ಧ ನಿಜ. ಜೂನ್ ಕೊನೆಯ ಶುಕ್ರವಾರ ಶಾಲೆ ಬಿಡಬಹುದು, ಆದರೆ 18ರ ತನಕ ಓದೋ ತರಬೇತಿಯೋ ಏನಾದರೊಂದರಲ್ಲಿ ಇರಲೇಬೇಕು.

ಉಳಿದದ್ದು

ಟಿ.ಸಿ. ತಂಗಿ ಇದನ್ನು ಮೂರು ಸಲ ಕೇಳಿದಳು. ಅಲ್ಲಿ ಟಿ.ಸಿ. ಅನ್ನುವುದೇ ಇಲ್ಲ. ಶಾಲೆ ಬದಲಿಸಿದರೆ ಹಳೆಯ ಶಾಲೆ ಹೊಸ ಶಾಲೆಗೆ ದಾಖಲೆಯನ್ನು ಕಂಪ್ಯೂಟರಿನಲ್ಲೇ ಕಳಿಸುತ್ತದೆ. ಆದರೆ ಮಗುವನ್ನು ವಾಪಸ್ ಮಂಗಳೂರಿಗೆ ತಂದು ಇಲ್ಲಿ ಸೇರಿಸುವ ಯೋಚನೆ ಇದ್ದರೆ ಇಲ್ಲಿನವರು ಕಾಗದ ಕೇಳದೆ ಬಿಡುವುದಿಲ್ಲ. ಶಾಲೆಯ ಲೆಟರ್‌ಹೆಡ್‌ನಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ಯಾವ ದಿನದಿಂದ ಯಾವ ದಿನದ ತನಕ ಯಾವ ಇಯರ್, ಇಷ್ಟನ್ನು ಬರೆಸಿ ಸಹಿ ಹಾಕಿಸಿಕೊಳ್ಳಿ. ಅದೂ ಜುಲೈ ಎರಡನೇ ವಾರದೊಳಗೆ. ಶಾಲೆ ಬಿಡುತ್ತೇವೆ ಅಂತ ಬರೆದು ಕೊಡುವುದನ್ನೂ ಮರೆಯಬೇಡಿ. ಹೇಳದೆ ಬಂದರೆ ಮಗು ಕಾಣೆಯಾಗಿದೆ ಅಂತ ಹುಡುಕಲು ಶುರು ಮಾಡುತ್ತಾರೆ.

ಟೀಚರ್‌ಗಳಿಗೆ ಕೊನೆಯ ದಿನ ಒಂದು ಕಾರ್ಡ್, ಒಂದು ಚಾಕಲೇಟ್ ಡಬ್ಬ ಸಾಕು. ಬೆಳ್ಳಿ ಕುಂಕುಮ ಭರಣಿ ಕೊಟ್ಟು ಅವರನ್ನು ಮುಜುಗರ ಮಾಡಿದವರು ನನಗೆ ಗೊತ್ತು. ಕೊನೆಯ ದಿನ ಹೆಚ್ಚಾಗಿ ಮಧ್ಯಾಹ್ನಕ್ಕೇ ಬಿಡುತ್ತಾರೆ. ಸಂಜೆಯ ವಿಮಾನ ಇದ್ದರೆ ಅದೊಂದು ಅನುಕೂಲ. ಯೂನಿಫಾರ್ಮ್ ಆಗಸ್ಟ್ ಕೊನೆಗೆ ಕೊಳ್ಳಲು ಹೋದರೆ ನಿಮ್ಮ ಮಗನ ಅಳತೆಯ ಬ್ಲೇಜರ್ ಮಾತ್ರ ಇರುವುದಿಲ್ಲ. ಜುಲೈಯಲ್ಲೇ ಒಂದು ಸೈಜ್ ದೊಡ್ಡದು ತೆಗೆದಿಡಿ. ಶಾಲೆಯಲ್ಲೇ ಹಳೆಯ ಯೂನಿಫಾರ್ಮ್ ಮಾರುತ್ತಾರೆ, ಸಂಕೋಚ ಬೇಡ, ಅಲ್ಲಿನವರೇ ಸಾಲು ನಿಂತು ತೆಗೆದುಕೊಳ್ಳುತ್ತಾರೆ.

ತಂಗಿ ಹೊರಡುವಾಗ ಅವಳ ಮಗ, ಅಷ್ಟು ಹೊತ್ತು ಮೊಬೈಲ್‌ನಿಂದ ತಲೆ ಎತ್ತದವನು, ಒಂದೇ ಪ್ರಶ್ನೆ ಕೇಳಿದ. "ದೊಡ್ಡಮ್ಮ, ಅಲ್ಲಿ ಮಳೆಗೆ ರಜೆ ಕೊಡ್ತಾರಾ?" ಮಳೆಗೆ ಕೊಡುವುದಿಲ್ಲ ಮಗ, ಹಿಮ ಜಾಸ್ತಿ ಬಿದ್ದರೆ ಕೊಡುತ್ತಾರೆ ಅಂದೆ. ಅದಕ್ಕೆ ಡಿಸಿ ಇಲ್ಲ. ಆಯಾ ಶಾಲೆಯ ಹೆಡ್‌ಟೀಚರ್ ತೀರ್ಮಾನಿಸಿ ಬೆಳಿಗ್ಗೆ ಮೆಸೇಜ್ ಹಾಕುತ್ತಾರೆ. "ಹಾಗಾದ್ರೆ ಪಕ್ಕದ ಶಾಲೆಗೆ ರಜೆ, ನಮಗೆ ಇಲ್ಲ ಅಂತ ಆಗಬಹುದಾ?" ಆಗಬಹುದು, ಎಷ್ಟೋ ಸಲ ಆಗಿದೆ. ಅವನ ಮುಖ ನೋಡಬೇಕಿತ್ತು.